ಲಾಲ್‌ಬಾಗ್: ಅಪ್ಪನಿಗೆ ಮರ ತೋರಿಸಬೇಕು, ಕೈಯಲ್ಲಿರೋದು ಒಂದು ಬೆಳಿಗ್ಗೆ

ತೋಟದಮನೆ ಹುಡುಗಿ ಕೇಳಿದ್ದು:

ಮುಂದಿನ ವಾರ ಅಪ್ಪ ಕಣ್ಣು ತೋರಿಸೋಕೆ ಬೆಂಗಳೂರಿಗೆ ಬರುತ್ತಿದ್ದಾರೆ. ಮಾರನೇ ದಿನ ಮಧ್ಯಾಹ್ನ ಎರಡಕ್ಕೆ ಮೆಜೆಸ್ಟಿಕ್‌ನಿಂದ ರೈಲು. ಆ ಬೆಳಿಗ್ಗೆ ಅವರಿಗೆ ಲಾಲ್‌ಬಾಗ್ ತೋರಿಸಬೇಕು ಅಂತ ಆಸೆ.

ಒಮ್ಮೆ ಆಗಸ್ಟ್‌ನ ಫಲಪುಷ್ಪ ಪ್ರದರ್ಶನಕ್ಕೆ ಭಾನುವಾರ ಕರೆದುಕೊಂಡು ಹೋಗಿದ್ದೆ. ಮುಂದಿದ್ದವರ ಬೆನ್ನು ನೋಡಿಕೊಂಡೇ ಗಾಜಿನ ಮನೆ ಸುತ್ತಿ ಬಂದೆವು. ಹೊರಗೆ ಬಂದ ಮೇಲೆ ಅಪ್ಪ ಕೇಳಿದ್ದು ಒಂದೇ ಮಾತು: "ಹೂವೆಲ್ಲ ಚೆನ್ನಾಗಿತ್ತು. ಮರ ಎಲ್ಲಿ?" ನಲವತ್ತು ವರ್ಷ ತೋಟ ಮಾಡಿದ ಮನುಷ್ಯ ಅವರು. ಆ ಮಾತು ಇನ್ನೂ ಮನಸ್ಸಲ್ಲೇ ಇದೆ.

ಅಪ್ಪನಿಗೆ 71 ವರ್ಷ. ಎಡ ಮಂಡಿ ನೋವಿದೆ, ಆದರೆ ನಿಧಾನಕ್ಕೆ ನಡೆಯುತ್ತಾರೆ. ಎಲ್ಲಿಂದ ಶುರು ಮಾಡಲಿ? ಬಂಡೆ ಹತ್ತಿಸಬಹುದಾ?

ಬೆಳಗಿನ ನಡಿಗೆ:

ಅಕ್ಕಾ, ನಾನು 22 ವರ್ಷದಿಂದ ಅಲ್ಲಿ ದಿನಾ ನಡೆಯುತ್ತಿದ್ದೇನೆ. ನಿಮ್ಮ ಅಪ್ಪ ಕೇಳಿದ ಪ್ರಶ್ನೆ ಕೇಳುವವರು ತುಂಬಾ ಕಡಿಮೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಬೆಳಿಗ್ಗೆ ಆರಕ್ಕೆ ಗೇಟ್ ತೆಗೆಯುತ್ತಾರೆ. ಆರೂವರೆ ಒಳಗೆ ಅಲ್ಲಿರಿ. ಆಟೋದವರಿಗೆ ಡಬಲ್ ರೋಡ್ ಕಡೆಯ ಗೇಟ್ ಅಂತ ಹೇಳಿ. ಒಳಗೆ ಹೋದರೆ ಬಂಡೆ ಹತ್ತಿರ. ಏರು ಅಷ್ಟೇನೂ ಕಡಿದಲ್ಲ, ಆದರೆ ಮಳೆ ಬಿದ್ದಿದ್ದರೆ ಖಂಡಿತ ಬೇಡ, ಜಾರುತ್ತೆ. ಒಣಗಿದ್ದರೆ ನಿಮ್ಮ ಕೈ ಹಿಡಿದು ಅರ್ಧದವರೆಗೆ ಹತ್ತಲಿ, ಸಾಕು. ತುದಿಯಲ್ಲಿರುವ ಕೆಂಪೇಗೌಡರ ಗೋಪುರ ಅಲ್ಲಿಂದಲೂ ಕಾಣುತ್ತೆ.

ಅಲ್ಲಿ ಒಂದು ನಿಮಿಷ ಕೂತು ಕಲ್ಲಿನ ಮೇಲೆ ಅಂಗೈ ಇಡೋಕೆ ಹೇಳಿ. ಆ ಹೊತ್ತಿಗೆ ಕಲ್ಲು ಇನ್ನೂ ತಣ್ಣಗಿರುತ್ತೆ. ಹತ್ತಿರದಿಂದ ನೋಡಿದರೆ ಬೂದು ಬಣ್ಣದ ನಡುವೆ ಬಿಳಿ ಗೆರೆ, ತಿಳಿ ಗುಲಾಬಿ ಗೆರೆ, ಮಡಚಿ ಮಡಚಿ ನಾದಿದ ಹಿಟ್ಟಿನ ಹಾಗೆ. ಸುಮಾರು 300 ಕೋಟಿ ವರ್ಷದ ಕಲ್ಲು ಅದು. ಭೂಗರ್ಭದ ರಾಷ್ಟ್ರೀಯ ಸ್ಮಾರಕ ಅಂತ ಗುರುತಿಸಿದ್ದಾರೆ. ಜನ ಅದರ ಮೇಲೆ ಸುಮ್ನೆ ಫೋಟೋ ತೆಗೆಸಿಕೊಂಡು ಇಳಿದುಬಿಡುತ್ತಾರೆ, ನೋಡಿದಾಗೆಲ್ಲ ಬೇಜಾರಾಗುತ್ತೆ.

ಇಳಿದ ಮೇಲೆ ಬಿಳಿ ಬೂರುಗದ ಮರ. ಯಾವ ವಾಕರ್‌ನ ಕೇಳಿದರೂ ದಾರಿ ತೋರಿಸುತ್ತಾರೆ. ಅದರ ಬುಡ ನೋಡಬೇಕು. ಬೇರುಗಳು ನೆಲದಿಂದ ಗೋಡೆ ಥರ ಎದ್ದು ಕಾಂಡಕ್ಕೆ ಆನಿಕೊಂಡಿವೆ. ಎರಡು ಗೋಡೆ ನಡುವೆ ಒಬ್ಬ ಮನುಷ್ಯ ನಿಂತರೆ ಆಚೆಯಿಂದ ಕಾಣಲ್ಲ. ಅಷ್ಟು ದೊಡ್ಡ ಮರ ತನ್ನ ಭಾರವನ್ನು ಹೇಗೆ ಹೊತ್ತುಕೊಂಡಿದೆ ಅಂತ ನಿಮ್ಮ ಅಪ್ಪನಿಗೆ ಯಾರೂ ವಿವರಿಸಬೇಕಾಗಿಲ್ಲ.

ಗಾಜಿನ ಮನೆ ಕೊನೆಗಿರಲಿ. ಪ್ರದರ್ಶನ ಇಲ್ಲದ ದಿನ ಅದು ಖಾಲಿ ಇರುತ್ತೆ, ಆಗಲೇ ಅದರ ಚೆಂದ ಗೊತ್ತಾಗೋದು. ಆಮೇಲೆ ಪಶ್ಚಿಮದ ಗೇಟಿಂದ ಹೊರಗೆ ಬನ್ನಿ. ಲಾಲ್‌ಬಾಗ್ ಮೆಟ್ರೋ ಅಲ್ಲೇ. ಹಸಿರು ಲೈನ್, ಮೆಜೆಸ್ಟಿಕ್‌ಗೆ ನೇರ.

ಹಳೇ ಪೇಟೆಯವ:

ಮೇಲಿನವರು ದಾರಿ ಚೆನ್ನಾಗಿ ಹೇಳಿದ್ದಾರೆ. ಕೃಷಿಕರಿಗೆ ಇಷ್ಟವಾಗೋ ಒಂದೆರಡು ಮಾತು ನನ್ನದು.

ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ ಇದು. ಟಿಪ್ಪು ಬೆಳೆಸಿದ. ದೂರದ ದೇಶಗಳಿಂದ ಗಿಡ, ಬೀಜ ತರಿಸಿದ. ಆಗ 40 ಎಕರೆ, ಈಗ 240. 1856ರಲ್ಲಿ ಸರ್ಕಾರಿ ಸಸ್ಯತೋಟ ಆಯಿತು. ಒಳಗೆ ಕುದುರೆ ಮೇಲೆ ಕೂತ ಪ್ರತಿಮೆ ಕಂಡರೆ ಅದು ಚಾಮರಾಜೇಂದ್ರ ಒಡೆಯರದ್ದು. ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಹಾಕಿದ್ದು, ಕಬ್ಬಿಣ ಬಂದದ್ದು ಗ್ಲಾಸ್ಗೋದಿಂದ.

ಆದರೆ ಅಪ್ಪನಿಗೆ ಹೇಳಬೇಕಾದ ಕಥೆ ಬೇರೆ. ಗಾಜಿನ ಮನೆ ಕಟ್ಟಿಸಿದಾಗ ತೋಟ ನೋಡಿಕೊಳ್ಳುತ್ತಿದ್ದವರು ಜಾನ್ ಕ್ಯಾಮರೂನ್. ಸೀಮೆಬದನೆಯನ್ನು ಇಲ್ಲಿಗೆ ತಂದು ಬೆಳೆಸಿದವರು ಅವರೇ. ಇವತ್ತು ನಾವು ಹುಳಿಗೆ ಹಾಕೋ ಸೀಮೆಬದನೆ! ಅವರ ನಂತರ 1908ರಲ್ಲಿ ಬಂದವರು ಜರ್ಮನಿಯ ಕ್ರುಂಬಿಗಲ್. ಒಂದು ಜಾತಿಯ ಹೂ ಮುಗಿಯೋ ಹೊತ್ತಿಗೆ ಇನ್ನೊಂದು ಜಾತಿ ಅರಳಬೇಕು, ವರ್ಷವಿಡೀ ಊರಲ್ಲಿ ಎಲ್ಲಾದರೂ ಹೂವಿರಬೇಕು ಅಂತ ಲೆಕ್ಕ ಹಾಕಿ ಬೆಂಗಳೂರಿನ ರಸ್ತೆಗಳಿಗೆ ಮರ ಹಂಚಿದವರು. ಅವರಾದ ಮೇಲೆ ಜವರಾಯ, ಆಮೇಲೆ ಮರೀಗೌಡ. ನಮ್ಮವರೇ. ತೋಟಗಾರಿಕೆ ಅಂದರೆ ಅರಮನೆ ಶೋಕಿ ಅಲ್ಲ, ರೈತನ ಕೆಲಸ ಅಂತ ಮಾಡಿ ತೋರಿಸಿದವರು ಮರೀಗೌಡರು.

ಅಮ್ಮನ ಜೊತೆ ಹೋಗಿದ್ದೆ:

ಮಂಡಿ ನೋವಿದ್ದರೆ ಬ್ಯಾಟರಿ ಗಾಡಿ ವಿಚಾರಿಸಿ. ನೀರಿನ ಬಾಟಲಿ, ಟೋಪಿ ಇರಲಿ. ಹತ್ತು ಗಂಟೆ ಮೇಲೆ ಬಂಡೆ ಕಾಯುತ್ತೆ, ಅಷ್ಟರೊಳಗೆ ಇಳಿದುಬಿಡಿ. ಹಾಗೇ ನಾಗಲಿಂಗದ ಮರ ಬಿಡಬೇಡಿ.

ತೋಟದಮನೆ ಹುಡುಗಿ:

ಹೋಗಿ ಬಂದೆವು. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಆರು ನಲವತ್ತಕ್ಕೆ ಒಳಗಿದ್ದೆವು. ಬಂಡೆ ಅರ್ಧ ಹತ್ತಿ ಕೂತರು. ನಾನು ಹೇಳೋದಕ್ಕೂ ಮೊದಲೇ ಕೈ ಕಲ್ಲಿನ ಮೇಲಿತ್ತು. ಬೂರುಗದ ಹತ್ತಿರ ಮುಕ್ಕಾಲು ಗಂಟೆ. ಸುತ್ತ ಮೂರು ಸಲ ನಡೆದರು. ಮಂಡಿ ವಿಷಯ ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಸೀಮೆಬದನೆ ಕಥೆ ಹೇಳಿದಾಗ ನಿಂತುಬಿಟ್ಟರು. ಬಚ್ಚಲ ಹಿಂದಿನ ಚಪ್ಪರಕ್ಕೆ ಅಜ್ಜಿ ಹಬ್ಬಿಸಿದ್ದ ಬಳ್ಳಿ ನೆನಪಾಯಿತಂತೆ. ಅಜ್ಜಿ ಬಗ್ಗೆ ಅಪ್ಪ ಮಾತಾಡಿದ್ದು ಎಷ್ಟೋ ವರ್ಷದ ಮೇಲೆ.

ಗಾಜಿನ ಮನೆಗೆ ಹೋಗೋಕೆ ಹೊತ್ತೇ ಉಳಿಯಲಿಲ್ಲ. ನಾಗಲಿಂಗದ ಮರದ ಕೆಳಗೆ ಆಗಷ್ಟೇ ಬಿದ್ದ ಹೂವೊಂದು ಸಿಕ್ಕಿತು. ದಪ್ಪ ಎಸಳು, ಒಳಗೆ ಪುಟ್ಟ ಲಿಂಗ, ಮೇಲೆ ಬಾಗಿದ ಹೆಡೆ. ಹೂವು ರೆಂಬೆ ತುದಿಯಲ್ಲಿ ಬಿಡದೆ ಕಾಂಡದಿಂದಲೇ ಹೊರಟಿದ್ದನ್ನು ತಲೆ ಎತ್ತಿ ನೋಡುತ್ತಾ, "ಹಲಸಿನ ಹಾಗೆ" ಅಂದರು. ಹೂವನ್ನು ಅಂಗಿ ಜೇಬಿಗೆ ಹಾಕಿಕೊಂಡರು. ಮೆಟ್ರೋದಲ್ಲಿ ಪಕ್ಕ ಕೂತಿದ್ದವರು ಯಾವ ಪರಿಮಳ ಅಂತ ಕೇಳಿದಾಗ, ತೆಗೆದು ಅವರ ಕೈಗೆ ಕೊಟ್ಟರು.