ಪೇಟ ಕಟ್ಟಿ ಟೋಪಿ ಹಾಕಿದ್ದರು

ಪುಟ್ಟೀ, ಮಾವ ಮಾತಾಡುತ್ತಿದ್ದೇನೆ. ಬೆಳಿಗ್ಗೆ ನೀನು ಹಾಕಿದ ಮೆಸೇಜ್ ಈಗ ನೋಡಿದೆ. ಕನ್ನಡಕ ಹುಡುಕೋದರಲ್ಲೇ ಅರ್ಧ ಗಂಟೆ ಹೋಯಿತು. ಟೈಪ್ ಮಾಡೋದು ನನ್ನ ಕೈಲಿ ಆಗಲ್ಲ, ಫೋನಿಗೆ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ. ತಪ್ಪುಗಿಪ್ಪು ಇದ್ದರೆ ನೀವೇ ಸರಿ ಮಾಡಿಕೊಂಡು ಓದಿ.

ನೀನು ಕೇಳಿದ್ದು ಇಷ್ಟೇ ಅಲ್ವಾ. ಅಲ್ಲಿ ಹಾಂಗ್‌ಕಾಂಗ್‌ನಲ್ಲಿ ನಮ್ಮ ಚಿನ್ನು ಕಾಲೇಜಿನ ಹುಡುಗರ ಜೊತೆ ಸೇರಿ ಹತ್ತು ನಿಮಿಷದ ಒಂದು ಕಿರುಚಿತ್ರ ಮಾಡಿದ್ದಾಳೆ. ಅದನ್ನು ನೋಡಿದೆವು ಅಂತ ಯಾರೋ ವಾಟ್ಸಾಪ್ ಮಾಡಿದ್ದಾರೆ, ಚೀನೀ ಸಿನಿಮಾದ ಭರವಸೆಯ ಹೊಸ ನಟಿ ಪ್ರಶಸ್ತಿಗೆ ನೀವು ಆಯ್ಕೆಯಾಗಿದ್ದೀರಿ, ಶುಕ್ರವಾರದೊಳಗೆ 4,800 ಡಾಲರ್ ಕಟ್ಟಿ ಅಂತ. ಮಗು ಎರಡು ದಿನದಿಂದ ಕುಣಿಯುತ್ತಿದೆ, ಬೇಡ ಅನ್ನೋಕೆ ಬಾಯಿ ಬರುತ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದೀಯ. ಅದಕ್ಕೆ ಕೆಳಗೆ ದೊಡ್ಡಣ್ಣ ಆಗಲೇ ಮೂರು ಹೂಗುಚ್ಛ ಹಾಕಿ ಅಭಿನಂದನೆ ಹೇಳಿಬಿಟ್ಟಿದ್ದಾನೆ. ಅವನು ಪೂರ್ತಿ ಓದೋದು ಯಾವಾಗ.

ಕಟ್ಟಬೇಡ ಕಣೇ. ಒಂದು ಪೈಸೆ ಕಟ್ಟಬೇಡ. ಅಳಿಯಂದಿರಿಗೂ ಹೇಳು, ಕಾರ್ಡು ಜೇಬಿನಿಂದ ತೆಗೆಯೋದೇ ಬೇಡ ಅಂತ.

ನಾನು ಆ ಊರಿನಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಇದ್ದವನು, ನಿಮಗೆಲ್ಲ ಗೊತ್ತೇ ಇದೆ. ಅಲ್ಲಿ ಇಂಥ ಪ್ರಶಸ್ತಿ ನಿಜವಾಗಿಯೂ ಇದೆ, ಇಲ್ಲ ಅನ್ನಲ್ಲ. ಹಾಂಗ್‌ಕಾಂಗ್ ಫಿಲ್ಮ್ ಅವಾರ್ಡ್ಸ್ ಅಂತ 1982ರಲ್ಲಿ ಶುರು ಮಾಡಿದರು, ಹೊಸ ನಟರಿಗೆ ಅಂತ ಬೇರೆ ಪ್ರಶಸ್ತಿ ಮಾರನೇ ವರ್ಷದಿಂದ. ತೈಪೆಯಲ್ಲಿ ಗೋಲ್ಡನ್ ಹಾರ್ಸ್ ಅಂತ ಇದೆ, ಅದು ಇನ್ನೂ ಹಳೇದು, 1962ರದ್ದು. ಚೀನಾದ ಒಳಗೆ ಗೋಲ್ಡನ್ ರೂಸ್ಟರ್, ಅಂದರೆ ಚಿನ್ನದ ಹುಂಜ. ಅದು ಶುರುವಾಗಿದ್ದು 1981ರಲ್ಲಿ, ಅವರ ಲೆಕ್ಕದಲ್ಲಿ ಅದು ಹುಂಜದ ವರ್ಷ, ಅದಕ್ಕೇ ಆ ಹೆಸರು. ನಮಗೆ ಸಂವತ್ಸರ ಇದ್ದ ಹಾಗೆ ಅವರಿಗೆ ವರ್ಷಕ್ಕೊಂದು ಪ್ರಾಣಿ. ಆದರೆ ಇವರು ಯಾರೂ ಮನೆ ಹುಡುಗಿಗೆ ವಾಟ್ಸಾಪ್ ಮಾಡಿ ದುಡ್ಡು ಕಟ್ಟು ಅನ್ನಲ್ಲ. ಹಾಂಗ್‌ಕಾಂಗ್ ಪ್ರಶಸ್ತಿಗೆ ಆ ವರ್ಷ ಥಿಯೇಟರಿನಲ್ಲಿ ಓಡಿದ ಸಿನಿಮಾ ಬೇಕು. ಚಿನ್ನು ಸಿನಿಮಾ ಎಲ್ಲಿ ಓಡಿತು? ನಿಮ್ಮ ಮನೆ ಟಿವಿಯಲ್ಲಿ.

ಇದೆಲ್ಲ ನನಗೆ ಹೇಗೆ ಗೊತ್ತು ಅಂತ ಕೇಳಬೇಡಿ, ನಾನೇ ಹೇಳುತ್ತೇನೆ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ನಿಮ್ಮತ್ತೆಗೂ ಅರ್ಧ ಮಾತ್ರ ಗೊತ್ತು.

1996. ನನಗೆ ಮೂವತ್ತೇಳು ವರ್ಷ. ಹಾಂಗ್‌ಕಾಂಗ್‌ನ ಚಿಮ್ ಶಾ ಚುಯ್ ಅನ್ನೋ ಕಡೆ ಒಂದು ಎಕ್ಸ್‌ಪೋರ್ಟ್ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಭಾನುವಾರ ಮಧ್ಯಾಹ್ನ ನೇಥನ್ ರೋಡಿನಲ್ಲಿ ತರಕಾರಿ ಚೀಲ ಹಿಡಿದುಕೊಂಡು ಬರುತ್ತಿದ್ದೇನೆ, ಟೈ ಕಟ್ಟಿದ ಒಬ್ಬ ಹುಡುಗ ಹಿಂದೆ ಬಿದ್ದ. ವಿಸಿಟಿಂಗ್ ಕಾರ್ಡ್ ಕೊಟ್ಟ. ಸಾರ್, ಸಿನಿಮಾದವರು ಭಾರತೀಯ ಮುಖ ಹುಡುಕುತ್ತಿದ್ದಾರೆ, ಬ್ಯಾಂಕ್ ಮ್ಯಾನೇಜರ್ ಪಾತ್ರ, ನಿಮ್ಮ ಮುಖದಲ್ಲಿ ಒಂದು ಗಾಂಭೀರ್ಯ ಇದೆ ಅಂದ. ಇಂಥವರಿಗೆ ಕ್ಯಾಂಟನೀಸ್‌ನಲ್ಲಿ ಸಿಂಗ್ ತಾಮ್ ಅಂತಾರೆ, ನಕ್ಷತ್ರದ ಪತ್ತೇದಾರ ಅಂತ ಅರ್ಥ. ನಿಜವಾದ ಸಿಂಗ್ ತಾಮ್‌ಗಳೂ ಇದ್ದಾರೆ, ಇಲ್ಲವೆಂದಲ್ಲ. ಬದನೆಕಾಯಿ ಚೀಲ ಹಿಡಿದ ಗುಮಾಸ್ತನ ಹಿಂದೆ ಬರುವವನು ಮಾತ್ರ ಅಲ್ಲ. ಆ ಬುದ್ಧಿ ಆಗ ಇರಲಿಲ್ಲ.

ಹನ್ನೊಂದನೇ ಮಹಡಿ. ಇಬ್ಬರು ನಿಂತರೆ ಮೂರನೆಯವನಿಗೆ ಜಾಗ ಇಲ್ಲದ ಲಿಫ್ಟು. ಗೋಡೆ ತುಂಬಾ ದೊಡ್ಡ ದೊಡ್ಡ ನಟರ ಫೋಟೋ, ಆಂಡಿ ಲಾವ್ ಇದ್ದ, ಎಲ್ಲರೂ ಇದ್ದರು. ಫೋಟೋ ತಂದು ಗೋಡೆಗೆ ಹಾಕೋಕೆ ಯಾರ ಅಪ್ಪಣೆ ಬೇಕು ಹೇಳು, ನಮ್ಮೂರಿನ ಕಟಿಂಗ್ ಶಾಪಿನಲ್ಲಿ ರಾಜ್‌ಕುಮಾರ್ ಫೋಟೋ ಇರಲ್ವಾ. ಒಬ್ಬಳು ನಿಂಬೆ ಟೀ ಕೊಟ್ಟಳು. ಇನ್ನೊಬ್ಬಳು ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಮುಖ ಚೆನ್ನಾಗಿದೆ, ಹಲ್ಲು ಸ್ವಲ್ಪ ಬೆಳ್ಳಗೆ ಮಾಡಬೇಕು, ಮೊದಲು ಫೋಟೋ ಆಲ್ಬಮ್ ಮಾಡಿಸಬೇಕು, ಅದಿಲ್ಲದೆ ನಿರ್ದೇಶಕರು ನೋಡಲ್ಲ. 6,800 ಡಾಲರ್. ನನ್ನ ಸಂಬಳ ಆಗ 9,500. ಎದ್ದು ಬರೋಕೆ ನೋಡಿದೆ, ಬಿಡಲಿಲ್ಲ ಅಂತ ಅಲ್ಲ, ಆದರೆ ಬಾಗಿಲ ಹತ್ತಿರ ಇಬ್ಬರು ನಗುತ್ತಾ ನಿಂತಿದ್ದರು. ಮೂರು ಗಂಟೆ ಕೂರಿಸಿದರು. ಕೊನೆಗೆ ಚೈನೀಸ್‌ನಲ್ಲಿ ಬರೆದ ನಾಲ್ಕು ಹಾಳೆಗೆ ನಾನೇ ಸಹಿ ಹಾಕಿದೆ, ನಾನೇ ಕಾರ್ಡು ಕೊಟ್ಟೆ. ಬೇರೆಯವರ ಲೆಕ್ಕದಲ್ಲಿ ಐದು ಸೆಂಟು ತಪ್ಪಿದರೆ ಹಿಡಿಯುತ್ತಿದ್ದವನು, ಓದಲು ಬಾರದ ಕಾಗದಕ್ಕೆ ಸಹಿ ಹಾಕಿದೆ. ನಿಜ ಹೇಳಲಾ, ಹೆದರಿಕೆಗಿಂತ ಆಸೆಯೇ ಜಾಸ್ತಿ ಇತ್ತು. ಗಾಂಭೀರ್ಯ ಇದೆ ಅಂತ ಅದುವರೆಗೆ ಯಾರೂ ಹೇಳಿರಲಿಲ್ಲ.

ಫೋಟೋ ದಿನ ಏನು ಮಾಡಿದರು ಗೊತ್ತಾ, ತಲೆಗೆ ಪೇಟ ಕಟ್ಟಿದರು. ಬ್ಯಾಂಕ್ ಮ್ಯಾನೇಜರ್‌ಗೆ ಯಾಕೆ ಪೇಟ ಅಂದರೆ ಇಂಡಿಯನ್ ಅಂದಮೇಲೆ ಪೇಟ ಬೇಕು ಅಂದರು. ನನಗೆ ಸ್ವಂತ ಮೀಸೆ ಇತ್ತು, ಅದರ ಮೇಲೆ ಇನ್ನೊಂದು ಮೀಸೆ ಅಂಟಿಸಿದರು! ಪೇಟ ಕಟ್ಟಿ ಟೋಪಿ ಹಾಕಿದರು ಅಂತ ಆಮೇಲೆ ನನಗೆ ನಾನೇ ಹೇಳಿಕೊಂಡು ನಕ್ಕಿದ್ದೇನೆ. ಆಗ ನಗು ಬರಲಿಲ್ಲ. ಎರಡು ತಿಂಗಳು ಫೋನ್ ಮಾಡಿದೆ, ನಿರ್ದೇಶಕರು ಊರಲ್ಲಿಲ್ಲ ಅಂದರು. ಮೂರನೇ ತಿಂಗಳು ಹೋದರೆ ಬೀಗ. ಬಾಗಿಲ ಮೇಲೆ ಗೋಂದಿನ ಗುರುತು ಮಾತ್ರ ಇತ್ತು.

ಆ ದುಡ್ಡು ಯಾವುದು ಅಂದುಕೊಂಡಿರಿ. ಅಪ್ಪನ ಕಣ್ಣಿನ ಪೊರೆ ಆಪರೇಷನ್‌ಗೆ ಕಳಿಸಬೇಕಿದ್ದದ್ದು. ಕಂಪನಿಯಲ್ಲಿ ಬೋನಸ್ ಬಂದಿಲ್ಲ, ದೀಪಾವಳಿ ಆದಮೇಲೆ ಕಳಿಸುತ್ತೇನೆ ಅಂತ ಸುಳ್ಳು ಬರೆದೆ. ಏಳು ತಿಂಗಳು ಅಪ್ಪ ಗೋಡೆ ತಡವಿಕೊಂಡು ಬಚ್ಚಲಿಗೆ ಹೋದರು. ನಿಮ್ಮಮ್ಮನ ಕೈಲಿ ಕಾಗದ ಬರೆಸಿದರು, ನೌಕರಿಗೆ ಏನಾದರೂ ತೊಂದರೆ ಆಗಿದ್ದರೆ ಹೇಳು, ನನ್ನ ಕಣ್ಣು ಓಡಿ ಹೋಗಲ್ಲ ಅಂತ. ಆ ಕಾಗದ ಇನ್ನೂ ನನ್ನ ಹತ್ತಿರ ಇದೆ.

ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ಒಂದು ಪೈಸೆ ಕಟ್ಟಬೇಡ. ಆಯ್ಕೆ ಆಗಿದ್ದೀರಿ ಅಂದವನೇ ದುಡ್ಡು ಕೇಳಿದರೆ ಅವನು ಆಯ್ಕೆ ಮಾಡಿರೋದು ನಿನ್ನ ಪರ್ಸನ್ನು.

ಚಿನ್ನುಗೆ ಬೇಜಾರಾಗುತ್ತದೆ, ಗೊತ್ತು. ಅವಳಿಗೆ ವಾಂಗ್ ಬಾವೊಚಿಯಾಂಗ್ ಕಥೆ ಹೇಳು. ಹೆಬೈ ಕಡೆಯ ರೈತರ ಮನೆ ಹುಡುಗ. ಎಂಟು ವರ್ಷಕ್ಕೇ ಶಾವೊಲಿನ್‌ಗೆ ಹೋಗಿ ಕುಂಗ್‌ಫೂ ಕಲಿತ, ಆಮೇಲೆ ಬೀಜಿಂಗ್‌ಗೆ ಬಂದು ಕಟ್ಟಡದ ಕೂಲಿ ಮಾಡಿಕೊಂಡು ಸ್ಟುಡಿಯೋ ಗೇಟಿನ ಮುಂದೆ ಜೂನಿಯರ್ ಆರ್ಟಿಸ್ಟ್‌ಗಳ ಗುಂಪಿನಲ್ಲಿ ಕಾಯುತ್ತಿದ್ದವನು. ಅಲ್ಲಿಂದ 'ಬ್ಲೈಂಡ್ ಶಾಫ್ಟ್' ಅನ್ನೋ ಸಿನಿಮಾಗೆ ಸಿಕ್ಕಿದ, 2003ರಲ್ಲಿ ಗೋಲ್ಡನ್ ಹಾರ್ಸ್‌ನಲ್ಲಿ ಹೊಸ ನಟ ಪ್ರಶಸ್ತಿ ಅವನಿಗೇ ಬಂತು. ಆ ಸಿನಿಮಾ ಕಥೆಯೂ ಇದೇ ನೋಡು: ಕೆಲಸ ಕೊಡಿಸುತ್ತೇವೆ ಅಂತ ಬಡವರನ್ನು ಕಲ್ಲಿದ್ದಲು ಗಣಿಗೆ ಕರೆದುಕೊಂಡು ಹೋಗಿ, ಸಂಬಂಧಿಕರು ಅಂತ ಹೇಳಿಸಿ, ಒಳಗೇ ಕೊಂದು, ಅಪಘಾತ ಅಂತ ಪರಿಹಾರದ ದುಡ್ಡು ಹೊಡೆಯುವ ಇಬ್ಬರು. ಅವರ ಬಲೆಗೆ ಬೀಳುವ ಹುಡುಗನ ಪಾತ್ರ ಇವನದು. ಸೀಡಿ ತಂದು ನೋಡಿದಾಗ ಆ ಹುಡುಗ ಅವರನ್ನು ನಂಬುವ ರೀತಿ ನೋಡಿ ನನಗೆ ನಿಂಬೆ ಟೀ ನೆನಪಾಯಿತು.

ಇನ್ನು ಆ ಗೋಡೆ ಮೇಲಿದ್ದ ಆಂಡಿ ಲಾವ್. 1983ರಲ್ಲಿ ಹಾಂಗ್‌ಕಾಂಗ್ ಪ್ರಶಸ್ತಿಯ ಹೊಸ ನಟರ ಪಟ್ಟಿಯಲ್ಲಿ ಒಂದು ಸಿನಿಮಾಗೆ ಅವನ ಹೆಸರೂ ಇತ್ತು, ಬರಲಿಲ್ಲ. ಅದೇ ಸಿನಿಮಾದ ಸೀಸನ್ ಮಾ ಅನ್ನೋ ಹುಡುಗಿಗೆ ಹೋಯಿತು. ಅವನಿಗೆ ಹಾಂಗ್‌ಕಾಂಗ್‌ನಲ್ಲಿ ಶ್ರೇಷ್ಠ ನಟ ಅಂತ ಬಂದಿದ್ದು 2000ದಲ್ಲಿ, ಹದಿನೇಳು ವರ್ಷ ಆದಮೇಲೆ. ಹೊಸಬರು ಅಂದರೆ ಯಾರಿಗೂ ಗೊತ್ತಿಲ್ಲದವರು ಅಂತಲೂ ಅಲ್ಲ, 2020ರಲ್ಲಿ ಜಾಕ್ಸನ್ ಯೀಗೆ ಕೊಟ್ಟರು, ಆ ಹುಡುಗ ಆಗಲೇ ಹಾಡಿನ ತಂಡದಲ್ಲಿ ಚೀನಾಕ್ಕೆಲ್ಲ ಗೊತ್ತಿದ್ದವನು.

ನನಗೆ ತುಂಬಾ ಖುಷಿ ಆಗಿದ್ದು 2019ರಲ್ಲಿ. ಫಿಲಿಪೀನ್ಸ್‌ನ ಕ್ರಿಸೆಲ್ ಕನ್ಸುಂಜಿ ಅಂತ, 'ಸ್ಟಿಲ್ ಹ್ಯೂಮನ್' ಸಿನಿಮಾದಲ್ಲಿ ಗಾಲಿಕುರ್ಚಿಯ ಯಜಮಾನನನ್ನು ನೋಡಿಕೊಳ್ಳುವ ಮನೆಗೆಲಸದವಳ ಪಾತ್ರ. ಹಾಂಗ್‌ಕಾಂಗ್‌ಗೆ ಬಂದಿದ್ದು ಡಿಸ್ನಿಲ್ಯಾಂಡ್‌ನಲ್ಲಿ ಹಾಡಿ ಕುಣಿಯೋಕೆ. ಅವಳಿಗೆ ಹೊಸ ನಟಿ ಪ್ರಶಸ್ತಿ. ಟಿವಿಯಲ್ಲಿ ನೋಡುತ್ತಾ ನಿಮ್ಮತ್ತೆ ಅತ್ತುಬಿಟ್ಟಳು. ಭಾನುವಾರ ಬಂದರೆ ಊರ ಮಧ್ಯೆ ಸೆಂಟ್ರಲ್ ಅನ್ನೋ ಕಡೆ ರಟ್ಟು ಹಾಸಿಕೊಂಡು ಕೂರುವ ಆ ಮನೆಗೆಲಸದ ಹೆಂಗಸರನ್ನು ಊರೆಲ್ಲ ದಾಟಿಕೊಂಡು ಹೋಗುತ್ತದೆ, ನಾವೂ ದಾಟಿಕೊಂಡೇ ಹೋಗಿದ್ದೆವು. ಪಾಕಿಸ್ತಾನಿ ಮೂಲದ ಪುಟ್ಟ ಹುಡುಗ ಸಾಹಲ್ ಜಮಾನ್ ಹೆಸರೂ ಆಮೇಲೆ ಒಂದು ವರ್ಷ ಹೊಸ ನಟರ ಪಟ್ಟಿಗೆ ಬಂತು. ನಮ್ಮ ಬಣ್ಣದವರಿಗೆ ವಾಚ್‌ಮನ್ ಪಾತ್ರ ಬಿಟ್ಟು ಬೇರೆ ಕೊಡುವಷ್ಟಕ್ಕೆ ಬಂದಿದ್ದಾರಲ್ಲ, ಪರವಾಗಿಲ್ಲ. ನನಗೆ ಕಟ್ಟಿದ ಪೇಟ ಬಿಚ್ಚೋಕೆ ಇಷ್ಟು ವರ್ಷ ಬೇಕಾಯಿತು.

ಪೇಟ ಅಂದಮೇಲೆ ಇದನ್ನೂ ಹೇಳಿಬಿಡುತ್ತೇನೆ. ಟ್ರಂಕಿನಲ್ಲಿ ಅಡಗಿಸಿಟ್ಟಿದ್ದ ಆ ಫೋಟೋ ನಿಮ್ಮಮ್ಮನ ಕೈಗೆ ಸಿಕ್ಕಿ, ಹಾಸನದ ಗೃಹಪ್ರವೇಶದಲ್ಲಿ ಪ್ರೊಜೆಕ್ಟರ್‌ನಲ್ಲಿ ಗೋಡೆ ಮೇಲೆ ಹಾಕಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ನಾನೂ ನಕ್ಕೆ. ಇದು ಯಾವಾಗ ತೆಗೆಸಿದ್ದು, ಯಾಕೆ ತೆಗೆಸಿದ್ದು ಅಂತ ಒಬ್ಬರಾದರೂ ಕೇಳಿದಿರಾ? ಅದು ಹೋಗಲಿ. ಹೋದ ವರ್ಷ ಅಪ್ಪನ ತಿಥಿ. ಪಂಚಾಂಗದ ಪ್ರಕಾರ ಬುಧವಾರ ಬರಬೇಕಾದದ್ದು, ಎಲ್ಲರಿಗೂ ರಜೆ ಇರುತ್ತೆ ಅಂತ ಭಾನುವಾರಕ್ಕೆ ಹಾಕಿಕೊಂಡಿರಿ. ನನಗೆ ಒಂದು ಮಾತು ಹೇಳಬೇಕು ಅಂತ ಯಾರಿಗೂ ಅನ್ನಿಸಲಿಲ್ಲ. ನಾನು ಬುಧವಾರಕ್ಕೆ ಮೈಸೂರಿನಿಂದ ಬಸ್ ಟಿಕೆಟ್ ಮಾಡಿಸಿ ಕೂತಿದ್ದೇನೆ, ಭಾನುವಾರ ಮಧ್ಯಾಹ್ನ ಇದೇ ಗ್ರೂಪಿಗೆ ಬಾಳೆಎಲೆ ಫೋಟೋ ಬಂತು, ವಡೆ ಚೆನ್ನಾಗಿತ್ತು ಅಂತ. ದೊಡ್ಡಣ್ಣ ಕೆಳಗೆ ಹೂಗುಚ್ಛ ಹಾಕಿದ್ದ, ತಿಥಿಗೆ! ದಿನಾ ಬೆಳಿಗ್ಗೆ ಶುಭೋದಯ ಕಳಿಸೋಕೆ ನಲವತ್ತು ಜನ ಇದ್ದೀರಿ. ಅಪ್ಪನ ಕಣ್ಣಿನ ವಿಷಯ ನನ್ನ ಎದೆಯಲ್ಲಿ ಇಷ್ಟು ವರ್ಷ ಕೂತಿದೆ, ತಿಥಿಗೆ ಒಂದು ಹಿಡಿ ಅಕ್ಕಿ ನಾನು ತರಬಾರದಿತ್ತಾ. ಪುಟ್ಟಿ, ನಿನಗೆ ಹೇಳುತ್ತಿಲ್ಲ, ನೀನು ಆಗ ಇಲ್ಲಿರಲಿಲ್ಲ. ಕೇಳಬೇಕಾದವರಿಗೆ ಕೇಳಿಸಲಿ ಅಂತ ಗ್ರೂಪಿನಲ್ಲೇ ಹೇಳಿದೆ.

ನಿಮ್ಮತ್ತೆ ಒಳಗಿನಿಂದ ಕೂಗುತ್ತಿದ್ದಾಳೆ, ಮಗು ಏನು ಕೇಳಿತು, ನೀವೇನು ಹೇಳುತ್ತಿದ್ದೀರಿ ಅಂತ. ಸರಿ, ಕೇಳಿಸಿಕೋ.

ಮೋಸದ ಕರೆಗಳ ಬಗ್ಗೆ ಹೇಳೋಕೆ ಅಂತ ಅಲ್ಲಿನ ಪೊಲೀಸರದ್ದೇ ಒಂದು ನಂಬರ್ ಇದೆ, 18222. ರಾತ್ರಿ ಹಗಲು ಯಾವಾಗ ಬೇಕಾದರೂ ಮಾಡಬಹುದು. ಮೆಸೇಜ್ ಬಂದ ಫೋನ್ ನಂಬರ್, ದುಡ್ಡು ಹಾಕಿ ಅಂದ ಖಾತೆ ನಂಬರ್, ಎರಡನ್ನೂ ಪೊಲೀಸರ ಸ್ಕ್ಯಾಮೀಟರ್‌ನಲ್ಲಿ, ಅಂದರೆ ಮೋಸದ ನಂಬರ್ ಹೌದಾ ಅಂತ ಹುಡುಕಿ ನೋಡುವ ಅವರ ಆನ್‌ಲೈನ್ ಜಾಗದಲ್ಲಿ, ಹಾಕಿ ನೋಡು. ಅಲ್ಲಿ ಏನೂ ತೋರಿಸದಿದ್ದರೆ ಒಳ್ಳೆಯವನು ಅಂತ ತಿಳಿಯಬೇಡ, ಇನ್ನೂ ಯಾರೂ ದೂರು ಕೊಟ್ಟಿಲ್ಲ ಅಂತ ಇರಬಹುದು. ಹಾಂಗ್‌ಕಾಂಗ್ ಫಿಲ್ಮ್ ಅವಾರ್ಡ್ಸ್‌ನವರು ನಾಮನಿರ್ದೇಶನದ ಪಟ್ಟಿಯನ್ನು ಎಲ್ಲರಿಗೂ ಕಾಣುವ ಹಾಗೆ ಪ್ರಕಟ ಮಾಡುತ್ತಾರೆ, ಅದನ್ನು ಚಿನ್ನು ಮುಂದೆ ತೆಗೆದು ತೋರಿಸು. ನೀನು ಬೈಯುವುದಕ್ಕಿಂತ ಅವಳೇ ನೋಡಿಕೊಳ್ಳಲಿ. ಆಫೀಸಿಗೆ ಬನ್ನಿ ಅಂದರೂ ಹೋಗಬೇಡಿ. ನನ್ನ ಕಾಲದಲ್ಲಿ ಹೇಳುವವರು ಕೇಳುವವರು ಇರಲಿಲ್ಲ, 2013ರಲ್ಲಿ ಅಲ್ಲಿ ಕಾನೂನು ಬಿಗಿ ಮಾಡಿದ್ದಾರೆ, ಕೂರಿಸಿಕೊಂಡು ಒತ್ತಾಯ ಮಾಡಿ ಸಹಿ ಹಾಕಿಸಿದರೆ ಕಸ್ಟಮ್ಸ್‌ನವರಿಗೆ ದೂರು ಕೊಡಬಹುದು. ಅಳಿಯಂದಿರು ಆಗಲೇ ಏನಾದರೂ ಕಟ್ಟಿದ್ದರೆ ಸುಮ್ನೆ ಮುಚ್ಚಿಡಬೇಡಿ, ನನ್ನ ಹಾಗೆ. ಈಗಲೇ ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ನಿಲ್ಲಿಸಿ.

ಮಗುವಿಗೆ ನಿಜವಾಗಿ ಆಸೆ ಇದ್ದರೆ ಫ್ರೆಶ್ ವೇವ್ ಅಂತ ಕಿರುಚಿತ್ರದ ಸ್ಪರ್ಧೆ ಇದೆ, 2005ರಿಂದ ನಡೆಯುತ್ತಿದೆ, ಜಾನಿ ಟೋ ಅಂಥ ದೊಡ್ಡ ನಿರ್ದೇಶಕರು ಅದರ ಹಿಂದೆ ಇದ್ದಾರೆ. ಸ್ನೇಹಿತರ ಜೊತೆ ಅದರ ನಿಯಮ ಓದಿ ನೋಡಲಿ. ಅವಳ ಸಿನಿಮಾ ನನಗೂ ಕಳಿಸಿ, ನಿಮ್ಮತ್ತೆ ನೋಡಬೇಕಂತೆ.

ಅಯ್ಯೋ, ಮೊದಲು ಹೇಳಬೇಕಿದ್ದನ್ನೇ ಮರೆತೆ. ಬೆಳಿಗ್ಗೆ ನೀನು ಹಾಕಿರುವ ಸ್ಕ್ರೀನ್‌ಶಾಟ್‌ನಲ್ಲಿ ಕೆಳಗಡೆ ಚಿನ್ನು ಪಾಸ್‌ಪೋರ್ಟ್ ಪುಟ ಪೂರ್ತಿ ಕಾಣುತ್ತಿದೆ, ನಂಬರ್ ಸಮೇತ. ಅಂದರೆ ಅವಳು ಅವರಿಗೆ ಆಗಲೇ ಕಳಿಸಿದ್ದಾಳೆ. 18222ಗೆ ಮಾಡಿದಾಗ ಅದನ್ನೂ ಹೇಳು, ಕಾನ್ಸುಲೇಟ್‌ನಲ್ಲೂ ಏನು ಮಾಡಬೇಕು ಅಂತ ಕೇಳು. ಗ್ರೂಪಿನಿಂದ ಈಗಲೇ ಡಿಲೀಟ್ ಮಾಡು, ಎಲ್ಲರಿಗೂ ಡಿಲೀಟ್ ಅನ್ನೋದನ್ನೇ ಒತ್ತು. ದೊಡ್ಡಣ್ಣ ಅದನ್ನು ಬೇರೆ ಗ್ರೂಪಿಗೆ ಫಾರ್ವರ್ಡ್ ಮಾಡಿದ್ದಾನಾ ಅಂತ ಯಾರಾದರೂ ಅವನಿಗೆ ಫೋನ್ ಮಾಡಿ ಕೇಳಿ.