ಎರಡು ಮನೆಗೆ ಒಂದೇ ಸೆಪ್ಟಿಕ್: ಮ್ಯಾಸಚೂಸೆಟ್ಸ್‌ನಲ್ಲಿ ಅನುಮತಿ ಕೊಡುವವರು ಯಾರು?

ಮಲೆನಾಡಿಗ:

ವೂಸ್ಟರ್ ಕೌಂಟಿಯ ಒಂದು ಸಣ್ಣ ಊರಿನಲ್ಲಿ ನಾನೂ ನನ್ನ ಭಾವನೂ ಅಕ್ಕಪಕ್ಕದ ಎರಡು ಖಾಲಿ ನಿವೇಶನ ಕೊಂಡಿದ್ದೇವೆ, ತಲಾ ಒಂದೂಕಾಲು ಎಕರೆ. ಒಳಚರಂಡಿ ಅಲ್ಲಿಯವರೆಗೆ ಬಂದಿಲ್ಲ, ನಲ್ಲಿ ನೀರೂ ಇಲ್ಲ. ಎರಡು ಮನೆಗೂ ಬೋರ್‌ವೆಲ್ಲೇ ಗತಿ. ನನ್ನ ಜಾಗದಲ್ಲಿ ಗುಂಡಿ ತೋಡಿಸಿದಾಗ ಒಳ್ಳೆಯ ಮರಳು ಮಣ್ಣು ಸಿಕ್ಕಿತು, ಪರ್ಕ್ ಪರೀಕ್ಷೆಯಲ್ಲೂ ನೀರು ಚೆನ್ನಾಗಿ ಇಂಗಿತು. ಭಾವನ ಜಾಗದಲ್ಲಿ ಎಲ್ಲಿ ಅಗೆದರೂ ಎರಡೂವರೆ ಅಡಿಗೆ ಬಂಡೆ.

ನಿವೇಶನ ಮಾರಿದ ದಲ್ಲಾಳಿ, 'ಚಿಂತೆ ಏಕೆ, ಇಬ್ಬರೂ ಸೇರಿ ಒಂದೇ ಸೆಪ್ಟಿಕ್ ಹಾಕಿಸಿ' ಎಂದು ಹೇಳಿ ಕೈತೊಳೆದುಕೊಂಡ. ಎರಡೂ ಮನೆಗೆ ನಾಲ್ಕು ನಾಲ್ಕು ಬೆಡ್‌ರೂಮ್ ಯೋಚಿಸಿದ್ದೇವೆ. ಇದಕ್ಕೆ ಅನುಮತಿ ಊರಿನದೋ ರಾಜ್ಯದ್ದೋ? ನಾಳೆ ಒಬ್ಬರು ಮನೆ ಮಾರಿದರೆ ಏನಾಗುತ್ತದೆ? ಭಾವನಿಗೂ ನನಗೂ ಈಗ ಚೆನ್ನಾಗಿದೆ, ಹಾಗೆಯೇ ಉಳಿಯಬೇಕು ಎಂಬುದೂ ಒಂದು ಕಾಳಜಿ.

ಸಿಯಾಟಲ್ ಸೀಮೆ:

ಪ್ರತಿ ರಾಜ್ಯಕ್ಕೂ ಅದರದೇ ಲೆಕ್ಕ. ನಮ್ಮ ವಾಷಿಂಗ್ಟನ್ ರಾಜ್ಯದಲ್ಲಿ ದಿನಕ್ಕೆ 3,500 ಗ್ಯಾಲನ್ ಕೊಳೆನೀರಿನವರೆಗಿನ ಸೆಪ್ಟಿಕ್ ಸ್ಥಳೀಯ ಆರೋಗ್ಯ ಇಲಾಖೆಯ ಪಾಲು. ಅದನ್ನು ಮೀರಿ 1,00,000 ಗ್ಯಾಲನ್‌ವರೆಗಿನದು ರಾಜ್ಯ ಆರೋಗ್ಯ ಇಲಾಖೆಗೆ ಸೇರುತ್ತದೆ, ಅದರ ಚಾಲನಾ ಪರವಾನಗಿಯನ್ನು ವರ್ಷ ವರ್ಷವೂ ನವೀಕರಿಸಬೇಕು. ನಮ್ಮ ಬಡಾವಣೆಯದು ಈ ಎರಡನೆಯ ಬಗೆ. ನಿವಾಸಿಗಳ ಸಂಘದ ಸಭೆಯಲ್ಲಿ ಬೇರೆಲ್ಲ ವಿಷಯ ಹತ್ತು ನಿಮಿಷಕ್ಕೆ ಮುಗಿಯುತ್ತದೆ, ಸೆಪ್ಟಿಕ್ ನಿಧಿಯದು ಮುಗಿಯುವುದೇ ಇಲ್ಲ. ನಿಮ್ಮ ರಾಜ್ಯದ ನಿಯಮ ಬಲ್ಲವರು ಹೇಳಲಿ.

ನಿವೃತ್ತ ಎಂಜಿನಿಯರ್:

ಮಲೆನಾಡಿಗರೇ, ಈ ರಾಜ್ಯದಲ್ಲಿ ಸೆಪ್ಟಿಕ್ ನಕ್ಷೆ ಬರೆದೇ ನನ್ನ ತಲೆ ನರೆತಿದೆ. ನೀವು ಕೇಳಿದ್ದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದು ಬಾಕಿ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಕೇಂದ್ರದ ಪರಿಸರ ಸಂಸ್ಥೆ ಇಪಿಎ ಒಂಟಿ ಮನೆಯ ಸೆಪ್ಟಿಕ್‌ಗೆ ಪರವಾನಗಿ ಕೊಡುವುದಿಲ್ಲ. 20 ಅಥವಾ ಹೆಚ್ಚು ಜನರಿಗೆ ಸಾಲುವಷ್ಟು ದೊಡ್ಡದಾದರೆ ಮಾತ್ರ ಅದರ ಐದನೇ ದರ್ಜೆಯ ಬಾವಿಗಳ (ನೆಲದೊಳಕ್ಕೆ ದ್ರವ ಇಳಿಸುವ ವ್ಯವಸ್ಥೆಗಳ) ನಿಯಮ ಎದುರಾಗುತ್ತದೆ. ನಿಮಗೆ ಅನ್ವಯಿಸುವುದು ಟೈಟಲ್ 5, ಅಂದರೆ ರಾಜ್ಯದ ಸೆಪ್ಟಿಕ್ ನಿಯಮಾವಳಿ. ಅದರಲ್ಲಿ ಒಂದು ಬೆಡ್‌ರೂಮ್‌ಗೆ ದಿನಕ್ಕೆ 110 ಗ್ಯಾಲನ್ ಲೆಕ್ಕ. ಎಂಟು ಬೆಡ್‌ರೂಮ್‌ಗೆ 880. ದಿನಕ್ಕೆ 10,000 ಗ್ಯಾಲನ್ ಮುಟ್ಟಿದರೆ ರಾಜ್ಯ ಪರಿಸರ ಇಲಾಖೆಯ ಅಂತರ್ಜಲ ವಿಸರ್ಜನೆ ಪರವಾನಗಿ ಬೇಕು. ನೀವು ಅದರ ಹತ್ತಿರವೂ ಇಲ್ಲ. ಆದ್ದರಿಂದ ಮೊದಲ ಬಾಗಿಲು ಊರಿನ ಬೋರ್ಡ್ ಆಫ್ ಹೆಲ್ತ್, ಅಂದರೆ ಆರೋಗ್ಯ ಮಂಡಳಿ. ಆದರೆ ಹಂಚಿಕೊಂಡ ವ್ಯವಸ್ಥೆ ಎಂದ ಕೂಡಲೇ ಕಾಗದ ದಪ್ಪವಾಗುತ್ತದೆ: ಒಡೆತನ ಯಾರದು, ನಿರ್ವಹಣೆ ಹೇಗೆ, ಕೆಟ್ಟರೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನೆಲ್ಲ ಅರ್ಜಿಯಲ್ಲೇ ಬರೆದು ತೋರಿಸಬೇಕು. ಜೊತೆಗೆ ಎರಡೂ ಆಸ್ತಿಗೆ ಅಂಟಿಕೊಳ್ಳುವ ಒಡಂಬಡಿಕೆ ಮತ್ತು ಅನುಭೋಗದ ಹಕ್ಕಿನ (ಇನ್ನೊಬ್ಬರ ನೆಲ ಬಳಸುವ ಹಕ್ಕಿನ) ಪತ್ರ ರಿಜಿಸ್ಟ್ರಿ ಆಫ್ ಡೀಡ್ಸ್‌ನಲ್ಲಿ ನೋಂದಣಿಯಾಗಬೇಕು. ಮನೆ ಮಾರಿದರೆ ಹೊಣೆ ಕೊಂಡವರ ತಲೆಗೆ ಹೋಗುತ್ತದೆ. ನಿಮ್ಮ ಎರಡನೆಯ ಪ್ರಶ್ನೆಗೆ ಅದೇ ಉತ್ತರ. ಭಾವ–ಭಾವಮೈದುನರ ನಡುವೆ ಬಾಯಿಮಾತು ಸಾಲದು ಎಂಬುದನ್ನು ನಿಯಮ ಬರೆದವರು ನಮಗಿಂತ ಚೆನ್ನಾಗಿ ಬಲ್ಲರು.

ಈಗ ಆ ಬಾಕಿ ಪ್ರಶ್ನೆ. ಹೊಸ ಮನೆಗಳಿಗೆ ಹಂಚಿಕೊಂಡ ಸೆಪ್ಟಿಕ್ ಬೇಕೆಂದರೆ, ಹಂಚಿಕೊಳ್ಳದೆ ಇದ್ದಾಗ ಆ ಜಾಗಗಳಲ್ಲಿ ನಿಯಮದಂತೆ ಎಷ್ಟು ಗ್ಯಾಲನ್ನಿನ ವ್ಯವಸ್ಥೆ ಸಾಧ್ಯವಿತ್ತೋ ಅದಕ್ಕಿಂತ ಹೆಚ್ಚಿಗೆ ಕೇಳುವಂತಿಲ್ಲ. ಕೊಳೆನೀರು ಇಂಗುವ ಜಾಗದ, ಅಂದರೆ ಲೀಚ್ ಫೀಲ್ಡ್‌ನ, ಕೆಳಗೆ ಸ್ವಾಭಾವಿಕವಾದ, ನೀರು ಇಳಿಯುವ ಮಣ್ಣು ಕನಿಷ್ಠ ನಾಲ್ಕು ಅಡಿ ಇರಬೇಕು. ಎರಡೂವರೆ ಅಡಿಗೆ ಬಂಡೆ ಸಿಕ್ಕ ಜಾಗದಲ್ಲಿ ಹೊಸ ಮನೆಗೆ ಸಾಧ್ಯವಿದ್ದದ್ದು ಸೊನ್ನೆ. ಸೊನ್ನೆಯನ್ನು ನಿಮ್ಮ ಜಾಗದ ಮರಳಿಗೆ ಕೂಡಿಸಿದರೆ ಭಾವನಿಗೆ ನಾಲ್ಕು ಬೆಡ್‌ರೂಮ್ ಹುಟ್ಟುವುದಿಲ್ಲ. ದಲ್ಲಾಳಿಗಳು ಈ ಸಾಲನ್ನು ಓದಿರುವುದನ್ನು ನಾನು ಕಂಡಿಲ್ಲ. ಇದ್ದ ಮನೆಗಳ ಸೆಪ್ಟಿಕ್ ಕೆಟ್ಟು, ಅಂಗಳದಲ್ಲಿ ಹೊಸದಕ್ಕೆ ಜಾಗವಿಲ್ಲದೆ ಒದ್ದಾಡುವವರಿಗೆ, ಸರೋವರದ ಅಂಚಿನ ಹಳೆಯ ಮನೆಗಳವರಿಗೆ, ಈ ಏರ್ಪಾಡು ನಿಜವಾಗಿ ಉಪಕಾರಿ.

ಇನ್ನೊಂದು ಬೇಲಿಯೂ ಇದೆ. ಒಂದೇ ಜಾಗದಲ್ಲಿ ಬೋರ್‌ವೆಲ್ಲೂ ಸೆಪ್ಟಿಕ್ಕೂ ಇದ್ದರೆ ಹೊಸ ಕಟ್ಟಡಕ್ಕೆ ಎಕರೆಗೆ ದಿನಕ್ಕೆ 440 ಗ್ಯಾಲನ್ ಮಿತಿ. ಟೈಟಲ್ 5ರ ಎಕರೆ 40,000 ಚದರ ಅಡಿ. ನೈಟ್ರೋಜನ್ ನೆಲದಡಿ ಸೇರಿ ಕುಡಿಯುವ ನೀರಿಗೆ ಬರಬಾರದೆಂದು ಇಟ್ಟ ಮಿತಿ ಅದು.

ಮಲೆನಾಡಿಗ:

ಓದಿ ಕೈಕಾಲು ತಣ್ಣಗಾದವು. ಹಾಗಾದರೆ ಭಾವನ ಜಾಗ ಬರಿಯ ಕಲ್ಲುಗಾಡೇ? ಬೇರೆ ದಾರಿಯೇ ಇಲ್ಲವೇ?

ನಿವೃತ್ತ ಎಂಜಿನಿಯರ್:

ದಾರಿ ಇರಬಹುದು, ಅದು ಕೊಳವೆಯಲ್ಲಿಲ್ಲ, ಗಡಿಯಲ್ಲಿದೆ. ನಿಮ್ಮ ಮರಳು ಮಣ್ಣು ಭಾವನ ಕಡೆಯ ಅಂಚಿನವರೆಗೆ ಬಂದಿದ್ದರೆ, ಅಲ್ಲಿನ ಒಂದು ಪಟ್ಟಿಯನ್ನು ಅವರಿಗೆ ಬಿಟ್ಟು ಅಷ್ಟೇ ವಿಸ್ತೀರ್ಣದ ಬಂಡೆ ಜಾಗವನ್ನು ನೀವು ತೆಗೆದುಕೊಳ್ಳಿ. ಹೊಸ ನಿವೇಶನ ಹುಟ್ಟುವುದಿಲ್ಲ, ಗೆರೆ ಮಾತ್ರ ಸರಿಯುತ್ತದೆ. ಸರ್ವೇಯರ್ ಬರೆದ ನಕ್ಷೆಗೆ ಪ್ಲಾನಿಂಗ್ ಬೋರ್ಡ್‌ನ ಸಹಿ ಹಾಕಿಸಿ ನೋಂದಣಿ ಮಾಡಿಸುತ್ತಾರೆ. ರಸ್ತೆಗೆ ತಾಗುವ ಅಗಲವೂ ಒಟ್ಟು ವಿಸ್ತೀರ್ಣವೂ ಊರಿನ ವಲಯ ನಿಯಮಕ್ಕಿಂತ ಕಡಿಮೆಯಾಗಬಾರದು, ಅಷ್ಟೆ. ಆಗ ಅವರವರ ಸೆಪ್ಟಿಕ್ ಅವರವರ ನೆಲದಲ್ಲಿ, ಹಂಚಿಕೆಯ ಪತ್ರಗಳ ರಗಳೆಯೇ ಇಲ್ಲ. ಆದರೆ ಸರ್ವೇಯರ್‌ಗೆ ಹಣ ಕೊಡುವ ಮೊದಲು ಆ ಪಟ್ಟಿಯಲ್ಲೇ ಗುಂಡಿ ತೋಡಿಸಿ, ಮಣ್ಣು ಪರೀಕ್ಷಕ ಮತ್ತು ಬೋರ್ಡ್ ಆಫ್ ಹೆಲ್ತ್‌ನ ಪ್ರತಿನಿಧಿ ಇಬ್ಬರೂ ನೋಡಲಿ.

ಮಣ್ಣು ಅಂಚಿನವರೆಗೆ ಇಲ್ಲದಿದ್ದರೆ ಆಸೆ ಚಿಕ್ಕದಾಗಬೇಕು. 2025ರ ಫೆಬ್ರವರಿಯಿಂದ ಒಂಟಿ ಮನೆಗಳ ವಲಯದಲ್ಲಿ 900 ಚದರ ಅಡಿ ಮೀರದ, ಮುಖ್ಯ ಮನೆಯ ವಿಸ್ತೀರ್ಣದ ಅರ್ಧವನ್ನೂ ಮೀರದ ಉಪಮನೆಗೆ ವಿಶೇಷ ಅನುಮತಿ ಬೇಡ. ನಿಮ್ಮ ಜಾಗದಲ್ಲೇ ಅದನ್ನು ಕಟ್ಟಬಹುದು, ಆದರೆ ಟೈಟಲ್ 5 ಅದಕ್ಕೂ ವಿನಾಯಿತಿ ಕೊಡುವುದಿಲ್ಲ. ಬೆಡ್‌ರೂಮ್ ಎಣಿಕೆ ಒಟ್ಟಾರೆ ಮಿತಿಯೊಳಗೇ ಇರಬೇಕು.

ಎಣಿಕೆ ಎಂದಾಗ ನೆನಪಾಯಿತು. ಸ್ನಾನಗೃಹ, ಓಡಾಟದ ಜಾಗಗಳನ್ನು ಬಿಟ್ಟು ಮನೆಯಲ್ಲಿ ಎಂಟಕ್ಕಿಂತ ಹೆಚ್ಚು ಕೋಣೆ ಇದ್ದರೆ, ಒಟ್ಟನ್ನು ಎರಡರಿಂದ ಭಾಗಿಸಿ ಬಂದದ್ದನ್ನೇ ಬೆಡ್‌ರೂಮ್ ಎನ್ನುತ್ತಾರೆ. ನಮ್ಮವರ ನಕ್ಷೆಯಲ್ಲಿ ದೇವರಕೋಣೆ, ಅಪ್ಪ–ಅಮ್ಮ ಬಂದಾಗಿನ ಕೋಣೆ, ಆಫೀಸು ಕೋಣೆ ಎಂದು ಹತ್ತಾಗುವುದು ಬಹಳ ಸುಲಭ. ಹತ್ತಾದರೆ ಐದು ಬೆಡ್‌ರೂಮ್, ಅಂದರೆ 550 ಗ್ಯಾಲನ್. ನಿಮ್ಮ ಒಂದೂಕಾಲು ಎಕರೆ ಅದನ್ನು ತಾಳುತ್ತದೆ, ಆದರೆ ಲೀಚ್ ಫೀಲ್ಡ್ ಅಷ್ಟು ದೊಡ್ಡದಾಗಬೇಕು.

ಸಿಯಾಟಲ್ ಸೀಮೆ:

ಗೆರೆ ಸರಿಸಿದರೆ ಬೋರ್‌ವೆಲ್ ಎಲ್ಲಿ ಬರುತ್ತದೆ ಎಂಬುದನ್ನೂ ಅದೇ ನಕ್ಷೆಯಲ್ಲಿ ಗುರುತಿಸಬೇಕಲ್ಲವೇ?

ನಿವೃತ್ತ ಎಂಜಿನಿಯರ್:

ಖಂಡಿತ. ಲೀಚ್ ಫೀಲ್ಡ್‌ನಿಂದ ಖಾಸಗಿ ಬಾವಿಗೆ 100 ಅಡಿ, ನಿವೇಶನದ ಗಡಿಗೆ 10 ಅಡಿ. ಸ್ವಂತ ಬಾವಿಗಷ್ಟೇ ಅಲ್ಲ, ಪಕ್ಕದವರ ಬಾವಿಗೂ ಇದೇ ಅಳತೆ. ಗೆರೆಯ ಎರಡೂ ಬದಿಗೆ ಲೀಚ್ ಫೀಲ್ಡ್‌ಗಳು ಬಂದರೆ ಎರಡು ಬಾವಿಗಳೂ ಆಚೆ ಈಚೆಯ ತುದಿಗಳಿಗೆ ಹೋಗಬೇಕಾದೀತು. ಬೋರ್ ಕೊರೆಯುವವರನ್ನು ಕರೆಯುವುದು ಸೆಪ್ಟಿಕ್ ನಕ್ಷೆಗೆ ಒಪ್ಪಿಗೆ ಸಿಕ್ಕ ಮೇಲೆಯೇ.