ಸಿಂಕಿನ ಮೂಲೆಯಲ್ಲಿ ಬಿರುಕು: ಸಾಲಿಡ್ ಸರ್ಫೇಸ್ ಶೀಟನ್ನು ಕತ್ತರಿಸುವ ಸರಿಯಾದ ಕ್ರಮ ಯಾವುದು?

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ)

ಅಡುಗೆ ಕಟ್ಟೆಗೆ 12 ಮಿ.ಮೀ. ದಪ್ಪದ ಅಕ್ರಿಲಿಕ್ ಸಾಲಿಡ್ ಸರ್ಫೇಸ್ ಶೀಟ್ (ಅಕ್ರಿಲಿಕ್ ಪ್ಲಾಸ್ಟಿಕ್ಕಿಗೆ ಖನಿಜದ ಪುಡಿ ಬೆರೆಸಿ ಮಾಡಿದ ಹಲಗೆ) ಹಾಕಿಸುತ್ತಿದ್ದೇವೆ. ನಮ್ಮ ಬಡಿಗೇರರು ಪ್ಲೈವುಡ್ ಕೆಲಸದಲ್ಲಿ ನುರಿತವರು. ಆದರೆ ಮಾರ್ಬಲ್ ಬ್ಲೇಡ್ ಹಾಕಿದ ಗ್ರೈಂಡರಿನಿಂದ ಸಿಂಕಿನ ಜಾಗವನ್ನು ಚೌಕವಾಗಿ ಕತ್ತರಿಸಿದಾಗ ಅಂಚಿನಲ್ಲಿ ಚಕ್ಕೆ ಎದ್ದದ್ದಲ್ಲದೆ, ಒಂದು ಮೂಲೆಯಿಂದ ಕೂದಲೆಳೆಯಷ್ಟು ಸಣ್ಣ ಬಿರುಕು ಹೊರಟಿದೆ. ಯಾವ ಯಂತ್ರ ಬಳಸಬೇಕು? ಈ ತುಂಡನ್ನು ಉಳಿಸಿಕೊಳ್ಳಬಹುದೇ?

ಉತ್ತರ (ಧಾರವಾಡ)

ಸರ್, ಮೂಲ ದೋಷವಿರುವುದು ಚೌಕ ಮೂಲೆಯಲ್ಲಿ. ಗ್ರೈಂಡರಿನ ಬ್ಲೇಡ್ ದುಂಡಗಿರುವುದರಿಂದ ಕೆಳಮುಖದವರೆಗೂ ಕತ್ತರಿಸಬೇಕಾದರೆ ಮೇಲ್ಮುಖದಲ್ಲಿ ಅದು ಗೆರೆಯನ್ನು ದಾಟಲೇಬೇಕು. ಹಾಗೆ ದಾಟಿದ ಸಣ್ಣ ಗೀರೇ ಬಿರುಕಿಗೆ ದಾರಿಯಾಗುತ್ತದೆ. ಮೊದಲು ನಾಲ್ಕೂ ಮೂಲೆಗಳಲ್ಲಿ ಹೋಲ್ ಸಾದಿಂದ 25 ಮಿ.ಮೀ. ವ್ಯಾಸದ ರಂಧ್ರ ಕೊರೆದು, ಬಳಿಕ ಟೆಂಪ್ಲೇಟ್ (ಅಳತೆಯ ಮಾದರಿ ಹಲಗೆ) ಕಟ್ಟಿ, ಕಾರ್ಬೈಡ್ ಬಿಟ್ ಹಾಕಿದ ರೌಟರಿನಿಂದ (ವೇಗವಾಗಿ ತಿರುಗುವ ಬಿಟ್‌ನಿಂದ ಕೊರೆಯುವ ಕೈಯಂತ್ರ) ಕತ್ತರಿಸಿರಿ. ಕೆಳಗಿನ ಅಂಚನ್ನೂ ಮರಳುಕಾಗದದಿಂದ ಉಜ್ಜಲೇಬೇಕು. ಕಣ್ಣಿಗೆ ಬೀಳದ ಭಾಗವೆಂದು ಅದನ್ನು ಬಿಡುವವರೇ ಹೆಚ್ಚು.

ಉತ್ತರ (ಗದಗ)

ಶಾಖದ ಮಾತನ್ನೂ ಸೇರಿಸುತ್ತೇನೆ. ಅಕ್ರಿಲಿಕ್ ಸುಮಾರು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆದುವಾಗುತ್ತದೆ, ಪಿವಿಸಿ ಬೋರ್ಡ್ ಅದಕ್ಕೂ ಮೊದಲೇ, 80ರ ಆಸುಪಾಸಿನಲ್ಲಿ. ಹೀಗಾಗಿ ರೌಟರನ್ನು ಒಂದೇ ಜಾಗದಲ್ಲಿ ನಿಲ್ಲಿಸದೆ, ಒಮ್ಮೆಲೇ ಪೂರ್ತಿ ಆಳಕ್ಕೆ ಇಳಿಸದೆ, ಎರಡು ಮೂರು ಸುತ್ತಿನಲ್ಲಿ ಮುಗಿಸಿರಿ. ನೇರ ಕಡಿತಕ್ಕೆ 10 ಇಂಚಿನ, 80 ಹಲ್ಲಿನ ಕಾರ್ಬೈಡ್ ಬ್ಲೇಡ್ ಒಳ್ಳೆಯದು. ಹಲ್ಲು ಮೊಂಡಾದರೆ ಅದು ಕತ್ತರಿಸುವ ಬದಲು ಉಜ್ಜುತ್ತದೆ. ಈ ಶೀಟಿನಲ್ಲಿ ಸುಮಾರು ಮೂರನೆಯ ಎರಡು ಭಾಗ ಅಲ್ಯೂಮಿನಾ ಟ್ರೈಹೈಡ್ರೇಟ್ ಎಂಬ ಖನಿಜದ ಪುಡಿ ಇರುವುದರಿಂದ ನುಣ್ಣನೆಯ ಬಿಳಿ ಧೂಳು ಏಳುತ್ತದೆ, ಎನ್95 ಮಾಸ್ಕ್ ಧರಿಸಿರಿ. ಕೃತಕ ಕಲ್ಲಾದ ಕ್ವಾರ್ಟ್ಜ್ ಸ್ಲ್ಯಾಬಿನ ಮಾತೇ ಬೇರೆ: ಅದರ ಸಿಲಿಕಾ ಧೂಳು ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ತರುತ್ತದೆಂದೇ ಆಸ್ಟ್ರೇಲಿಯಾ 2024ರ ಜುಲೈನಿಂದ ಅದನ್ನು ನಿಷೇಧಿಸಿದೆ. ಅದನ್ನು ಒಣದಾಗಿ ಕತ್ತರಿಸಲೇಬಾರದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಬಿರುಕು ಎರಡು ಇಂಚಿನಷ್ಟಿದ್ದು, ಗೋಡೆಯ ಕಡೆಗೆ ಸಾಗಿದೆ.

ಉತ್ತರ (ಧಾರವಾಡ)

ಹಾಗಿದ್ದರೆ ಮೇಲೆ ಅಂಟು ಸವರಿ ಮುಚ್ಚಬೇಡಿರಿ, ಅದು ಮತ್ತೆ ತೆರೆದುಕೊಳ್ಳುತ್ತದೆ. ಬಿರುಕಿರುವ ಭಾಗವನ್ನೇ ಕತ್ತರಿಸಿ ತೆಗೆದು, ಅದೇ ಶೀಟಿನ ಉಳಿಕೆ ತುಂಡನ್ನು ಅದೇ ಬಣ್ಣದ ಜಾಯಿಂಟ್ ಅಂಟಿನಿಂದ ಕೂರಿಸಿ, ಗಟ್ಟಿಯಾದ ಮೇಲೆ ಸ್ಯಾಂಡರ್ ಹಿಡಿಸಿರಿ. ಗೋಡೆಯಿಂದ 3 ಮಿ.ಮೀ. ಸಂದು ಬಿಟ್ಟು ಸಿಲಿಕೋನ್ ತುಂಬಿಸಿರಿ. 3 ಮೀಟರ್ ಉದ್ದದ ಕಟ್ಟೆ 20 ಡಿಗ್ರಿಯ ಏರಿಳಿತಕ್ಕೆ ಸುಮಾರು 2 ಮಿ.ಮೀ. ಹಿಗ್ಗುತ್ತದೆ.